ದಾಬೋಳಿಯಲ್ಲಿ ಇಳಿಯದ ಗಂಟು

“ನನ್ನ ಗಂಡ ಇಲ್ಲರೀ!”

ವಿಮಾನ ಗೋವಾದ ದಾಬೋಳಿ ನಿಲ್ದಾಣದಲ್ಲಿ ನಿಂತಿತ್ತು. ಜನ ಒಬ್ಬರ ಮೈಮೇಲೊಬ್ಬರು ಬಿದ್ದು ಚೀಲ ಎಳೆಯುತ್ತಿದ್ದರು. ಆಗ ನಮ್ಮ ಸಾಲಿನ ಆಚೆ ಬದಿಯಲ್ಲಿದ್ದ ಹೆಂಗಸು ಹೀಗೆ ಕೂಗಿದಳು.

“ಸಂಡಾಸದಾಗ ನೋಡ್ರಿ,” ಎಂದ ಹಿಂದಿನಿಂದ ಯಾವನೋ. ಒಂದಿಬ್ಬರು ನಕ್ಕರು.

ನನಗೆ ನಗು ಬರಲಿಲ್ಲ. ಆಕೆಯ ಗಂಡ ನೆತ್ತಿಯ ಮೇಲಿನ ಸಾಮಾನಿನ ಖಾನೆಯಲ್ಲಿದ್ದ. ಸ್ಟೀಲಿನ ಡಬ್ಬಿಯಲ್ಲಿ, ಬಿಳಿ ಬಟ್ಟೆಯ ಗಂಟಿನೊಳಗೆ, ಬೂದಿಯಾಗಿ. ಈಗ ಖಾನೆಯ ಬಾಗಿಲು ತೆರೆದಿತ್ತು. ಗಂಟು ಇರಲಿಲ್ಲ.

ಆಕೆಯ ಹೆಸರು ಸತ್ಯವ್ವ. ಮುದ್ದೇಬಿಹಾಳದ ಕಡೆಯವಳು. ಪಣಜಿಯ ಪಕ್ಕದ ಚಿಂಬಲ್‌ನಲ್ಲಿದ್ದುಕೊಂಡು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದವಳು ಗಂಡ ಯಮನೂರನ ಜತೆ ದುಬೈಗೆ ದುಡಿಯಲು ಹೋಗಿದ್ದಳು. ಗಂಡ ಅಲ್ಲಿ ಕೆಲಸದ ಜಾಗದಲ್ಲೇ ಕುಸಿದು ಸತ್ತ. ಅಲ್ಲೇ ಸುಟ್ಟರು. ಅವನ ತಾಯಿ ಚಿಂಬಲ್‌ನಲ್ಲಿ ಅಸ್ಥಿಯ ದಾರಿ ಕಾಯುತ್ತಿದ್ದಳು.

“ಬರಿಗೈಲೆ ಹೋದರ ನಮ್ಮತ್ತಿ ನಂಬೂದಿಲ್ಲರಿ,” ಸತ್ಯವ್ವ ಎದೆ ಬಡಿದುಕೊಂಡಳು. “ನನ್ನ ಮಗಾ ಸತ್ತಿಲ್ಲ, ನೀನ ಎಲ್ಲೆರೆ ಬಿಟ್ಟು ಬರಾಕತ್ತಿ ಅಂತ ಫೋನಿನ್ಯಾಗ ಬೈತಾಳ. ಅವನ ಬೂದಿನೂ ಇಲ್ಲಂದ್ರ ನಾ ಏನ ತೋರಸ್ಲಿ? ಬಾಗಲಾಗ ಕಾಲಿಡಾಕ ಬಿಡೂದಿಲ್ಲರಿ ಆಕಿ!”

ಗಗನಸಖಿಯರ ಮುಖ್ಯಸ್ಥೆ ಶ್ವೇತಾ ಓಡಿ ಬಂದಳು. ಖಾನೆ ನೋಡಿದಳು, ಅಕ್ಕಪಕ್ಕದ ಖಾನೆಗಳನ್ನೂ ನೋಡಿದಳು. ಮುಂದೆ ಹೋಗಿ ಮೈಕು ಹಿಡಿದಳು. ಪ್ರಯಾಣಿಕರೊಬ್ಬರ ವಸ್ತು ಕಳವಾಗಿದೆ, ಪೊಲೀಸರು ಬರುವವರೆಗೆ ಬಾಗಿಲು ತೆರೆಯುವುದಿಲ್ಲ, ದಯವಿಟ್ಟು ಕುಳಿತುಕೊಳ್ಳಿ.

ಕುಳಿತುಕೊಳ್ಳುವುದೆ? ಇಡೀ ವಿಮಾನ ಆ ವಿಧವೆಯ ಮೇಲೆ ತಿರುಗಿಬಿತ್ತು. ಕೊಂಕಣಿ, ಹಿಂದಿ, ಮರಾಠಿ, ಕನ್ನಡ, ಯಾವ ಭಾಷೆಯಲ್ಲಿ ಬೈದರೂ ಅರ್ಥ ಒಂದೇ. ನಿನ್ನ ಗಂಡ ಹಾಳಾಗಿ ಹೋಗಲಿ, ನಮ್ಮನ್ನು ಇಳಿಸಿರಿ.

ಆ ಸಿಟ್ಟಿಗೆ ಕಾರಣ ಹೇಳಬೇಕು. ದುಬೈನಿಂದ ಗೋವಾ ಅಂದರೆ ಒಂದು ಊಟ, ಒಂದು ನಿದ್ದೆಯ ದಾರಿ. ನಮಗೆ ಹಗಲು ಹೋಗಿ ರಾತ್ರಿಯಾಗಿ ಮತ್ತೆ ಹಗಲಾಗಿತ್ತು. ದುಬೈನಲ್ಲಿ ಹತ್ತಿಸಿಕೊಂಡು, ಏಸಿ ಆರಿಸಿ, ತಾಂತ್ರಿಕ ಕಾರಣ ಎಂದು ಬೇಯಿಸಿದರು. ಗೋವಾದ ಮೇಲೆ ಬಂದರೆ ಮಳೆ, ಇಳಿಯಲಾಗಲಿಲ್ಲ. ಹೈದರಾಬಾದಿಗೆ ಒಯ್ದರು. ಅಲ್ಲಿ ಕೆಳಗಿಳಿಸಲೂ ಇಲ್ಲ, ನೀರು ಕೊಡಲೂ ಇಲ್ಲ. ಮತ್ತೆ ಗೋವಾ, ಮತ್ತೆ ಮಳೆ, ಮತ್ತೆ ಸುತ್ತು. ಈ ಸಲ ಬೆಂಗಳೂರು. ಅಲ್ಲಿಯೂ ಸೀಟಿನಲ್ಲೇ ಸೆರೆ. ನಾನು ಮುರ್ಮುಗಾಂವ್ ಬಂದರಿನಲ್ಲಿ ಹಡಗು ಕಂಪನಿಯೊಂದರ ಅಧಿಕಾರಿ. ಜಾಗ ಸಿಗದೆ ಸಮುದ್ರದಲ್ಲಿ ನಿಂತ ಹಡಗುಗಳನ್ನು ದಿನಾ ನೋಡುತ್ತೇನೆ. ಆ ಖಲಾಸಿಗಳಿಗೆ ಕಾಲು ಚಾಚಲಾದರೂ ಜಾಗವಿರುತ್ತದೆ.

ಅಷ್ಟು ಹೊತ್ತು ಮೊಣಕೈಗೆ ಮೊಣಕೈ ತಾಗಿಸಿ ಕೂತರೆ ಪಕ್ಕದವನ ಉಸಿರಾಟವೂ ಕೊಬ್ಬಿನಂತೆ ಕಾಣುತ್ತದೆ. ಸುಳ್ಳೇಕೆ ಹೇಳಲಿ, ನನಗೆ ಎಲ್ಲರ ಮೇಲೂ ಹಲ್ಲು ಕಡಿಯುವಷ್ಟು ದ್ವೇಷ ಹುಟ್ಟಿತ್ತು.

ನಮ್ಮ ಸಾಲಿನಲ್ಲಿ ಆರು ಜನ. ಕಿಟಕಿಯ ಹತ್ತಿರ ನನ್ನ ಅಕ್ಕ ಮೈತ್ರೇಯಿ. ಧಾರವಾಡದಲ್ಲಿ ಸರ್ಕಾರಿ ವಕೀಲೆಯಾಗಿ, ಎಷ್ಟೋ ಕಳ್ಳರ ಬಾಯಿ ಬಿಡಿಸಿ ನಿವೃತ್ತಳಾದವಳು. ನಡುವೆ ನಾನು, ರಘುವೀರ. ನನ್ನ ಆಚೆ, ಓಡಾಡುವ ದಾರಿಯ ಅಂಚಿಗೆ ಅಮೀನಪ್ಪ. ಯಮನೂರನ ಊರವನು, ಅವನೊಂದಿಗೆ ಒಂದೇ ಕೋಣೆಯಲ್ಲಿದ್ದವನು, ಸತ್ಯವ್ವನನ್ನು ಮನೆ ಮುಟ್ಟಿಸಲು ಬಂದವನು. ದಾರಿಯ ಆ ಬದಿಗೆ ಸತ್ಯವ್ವ. ಅವಳ ಪಕ್ಕ ಕಾರವಾರದ ಬಂಡು ನಾಯ್ಕ. ಕಿಟಕಿಗೆ ಅವನ ತಾಯಿ ಸೀತಾಬಾಯಿ.

ಹೈದರಾಬಾದಿನಲ್ಲಿ ನಿಂತಾಗ ಬಂಡು ತನ್ನ ಬಾಟಲಿಗಳ ಚೀಲವನ್ನು ಗಂಟಿನ ಮೇಲೆ ತುರುಕಲು ಹೋದ. ಸತ್ಯವ್ವ ತಡೆದಳು.

“ಅದರ ಮ್ಯಾಲ ಇಡಬ್ಯಾಡ್ರಿ. ನನ್ನ ಗಂಡನ ಅಸ್ಥಿ ಐತಿ.”

ಬಂಡು ಬೆಂಕಿ ತುಳಿದವನ ಹಾಗೆ ಹಾರಿದ. “ಎಂಥ ಮಾರಾಯ್ರೇ! ತಲೆ ಮೇಲೆ ಹೆಣ ಇಟ್ಟುಕೊಂಡು ಕೂತಿದ್ದೇವಾ ನಾವು? ಇಳಿಯುವುದು ಹೇಗೆ ಈ ವಿಮಾನ? ಇದಕ್ಕೇ ಇಳಿಯಲಿಲ್ಲ!”

ಮಾತು ಸಾಲಿನಿಂದ ಸಾಲಿಗೆ ಹಬ್ಬಿತು. ಮಳೆ, ಇಂಜಿನ್ನು, ಕಂಪನಿ ಎಲ್ಲ ಪಾರಾದವು. ತಪ್ಪು ಗಂಟಿನದಾಯಿತು. ಸತ್ಯವ್ವ ಅಳುತ್ತ ಶ್ವೇತಾಳನ್ನು ಹುಡುಕಿಕೊಂಡು ಮುಂದೆ ಹೋದಳು. ಜಗಳ ತಣ್ಣಗಾಗಲಿ ಎಂದು ಅಮೀನಪ್ಪ ಗಂಟನ್ನು ಕೆಳಗೆ ತೆಗೆದು ತನ್ನ ಚಪ್ಪಲಿ ಕಾಲುಗಳ ನಡುವೆ ನೆಲಕ್ಕಿಟ್ಟುಕೊಂಡ. ಬನ್ನು ಬಿಚ್ಚಿ ತಿಂದ. ಜನ ಸುಮ್ಮನಾದ ಮೇಲೆ ತಿರುಗಿ ಮೇಲಿಟ್ಟ. ಈ ಸಾಲಿನಲ್ಲಿ ಒಬ್ಬನಾದರೂ ಮನುಷ್ಯನಿದ್ದಾನೆ ಎಂದುಕೊಂಡೆ ನಾನು.

ಹಾಗೆಂದು ಅವನೇನೂ ಸುಖದ ನೆರೆಯವನಲ್ಲ. ಅವನ ಹತ್ತಿರ ಒಂದು ನೀಲಿ ಕೈಚೀಲವಿತ್ತು. ವಿಮಾನ ಏರುವಾಗ, ಇಳಿಯುವಾಗ ಅದನ್ನು ಸೀಟಿನ ಕೆಳಗಿಡು ಎಂದು ಶ್ವೇತಾ, ಇಡುವುದಿಲ್ಲ ಎಂದು ಇವನು. ಪ್ರತಿ ಸಲವೂ ಅದೇ ರಗಳೆ. ಕೊನೆಗೆ ಅಂಗಿಯೊಳಗೆ ತೂರಿಸಿಕೊಂಡು ಕೂರುತ್ತಿದ್ದ. ಒಳಗೆ ಅತ್ತರಿನ ಶೀಶೆಗಳಿರಬೇಕು, ಎಂಥ ಜಿಪುಣ ಎಂದುಕೊಂಡೆ.

ಬೆಂಗಳೂರಿನಲ್ಲಿ ಬಂಡು ಮತ್ತೆ ಎಗರಾಡಿದ. ಗಂಟನ್ನು ಇಲ್ಲೇ ಇಳಿಸಬೇಕೆಂದ. ಶ್ವೇತಾಳಿಗೂ ಸಾಕಾಗಿತ್ತು.

“ಇಲ್ಲಿ ಇಳಸಾಕ ಬರೂದಿಲ್ಲ ಸರ್. ಗೋವಾದಾಗ ಕಸ್ಟಮ್ಸಿನವರಿಗೆ ಹೇಳೇನಿ. ಅವರ ಬಿಚ್ಚಿ ನೋಡಿ, ಕಾಗದ ನೋಡಿ, ಆಮ್ಯಾಲ ಕೊಡ್ತಾರ. ಈಗರೆ ಕೂಡ್ರಿ.”

ಬಂಡು ಗೆದ್ದವನಂತೆ ಕೂತ. ವಿಮಾನ ಏರಿತು. ಸ್ವಲ್ಪ ಹೊತ್ತಿಗೆ ಅವನು ಸತ್ಯವ್ವನ ಕಾಲು ದಾಟಿ ಬಂದು, ಖಾನೆ ತೆರೆದು, ಸ್ವೆಟರ್ ತೆಗೆದುಕೊಂಡ. ಆಮೇಲೆ ಅಮೀನಪ್ಪ ಎದ್ದ. ಹೊಟ್ಟೆ ಸರಿಯಿಲ್ಲ, ಚಳಿ ಎಂದ.

“ಸಾಹೇಬ್ರ, ಈ ಚೀಲ ಚೂರು ತೊಡಿ ಮ್ಯಾಲ ಇಟ್ಟಕೊಳ್ರಿ. ಕೆಳಗ ಮಾತ್ರ ಇಡಬ್ಯಾಡ್ರಿ.”

ಅದೇ ಖಾನೆಯಿಂದ ಕಂಬಳಿ ಎಳೆದು, ಮೈಗೆ ಸುತ್ತಿಕೊಂಡು ಹಿಂದಿನ ಶೌಚಕ್ಕೆ ಹೋದ. ನಾನೇನು ಇವನ ಆಳೇ ಎಂದು ಬೈದುಕೊಂಡು ಚೀಲ ಹಿಡಿದು ಕೂತೆ. ಅವನು ಬಂದು ಅದನ್ನು ಕಸಿದುಕೊಂಡಂತೆ ತೆಗೆದುಕೊಂಡ. ಸತ್ಯವ್ವ ಆಗ ನಿದ್ದೆ ಹೋಗಿದ್ದಳು. ಇಡೀ ಪ್ರಯಾಣದಲ್ಲಿ ಅವಳು ಕಣ್ಣು ಮುಚ್ಚಿದ್ದು ಅದೊಂದೇ ಸಲ.

ಈಗ ಬಾಗಿಲು ಮುಚ್ಚಿತ್ತು. ಹೊರಗೆ ಪೊಲೀಸರು ಬರಬೇಕಿತ್ತು, ಒಳಗೆ ಜನ ಹೊಡೆದಾಟಕ್ಕೆ ತಯಾರಾಗಿದ್ದರು. ಮೈತ್ರೇಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

“ಶ್ವೇತಾ, ನಾನು ಸರ್ಕಾರಿ ವಕೀಲಿ ಇದ್ದಾಕಿ. ಪೊಲೀಸರು ಬರೂದ್ರಾಗ ನಾಕು ಮಾತು ಕೇಳ್ಲೇನು?”

“ಕೇಳ್ರಿ ಮೇಡಮ್. ಏನರೆ ಮಾಡ್ರಿ. ಈ ಜನಾ ನನ್ನ ಹರದ ತಿಂತಾರ.”

ಅಕ್ಕ ಮೊದಲು ಸತ್ಯವ್ವನ ಮುಂದೆ ಬಾಗಿದಳು.

“ಕಡಿಗೆ ಗಂಟು ಯಾವಾಗ ನೋಡಿದಿ?”

“ಬೆಂಗಳೂರಾಗರಿ. ಮುಟ್ಟಿ ನೋಡೇನಿ.”

“ಒಳಗ ನೋಡಿದ್ದೇನು?”

“ಇಲ್ಲರಿ. ಸುಡೂ ಜಾಗಕ್ಕ ಹೆಂಗಸರು ಬರಬಾರದಂತ ಅಮೀನಪ್ಪನ ಹೋಗಿದ್ದ. ಅಂವ ಕಟ್ಟಿ ತಂದ, ನಾ ಹಂಗ ಇಸ್ಕೊಂಡೆ.”

ಅಕ್ಕ ಬಂಡುವಿನ ಕಡೆ ತಿರುಗಿದಳು.

“ಖಾನೆ ತೆಗೆದವರು ನೀವು?”

“ಸ್ವೆಟರ್‌ಗೆ ತೆಗೆದೆ! ಗಂಟು ಅಲ್ಲೇ ಇತ್ತು.”

“ಅದನ್ನ ಇಳಸ್ರಿ ಅಂತ ಒದರಿದವರೂ ನೀವು?”

“ಒದರಿದೆ. ಇನ್ನೂ ಒದರುತ್ತೇನೆ. ನಾನು ಮುಟ್ಟಿಲ್ಲ. ಅದನ್ನು ಮುಟ್ಟಿ ಮೈಲಿಗೆ ಆಗಲಿಕ್ಕೆ ನನಗೆ ಹುಚ್ಚಾ?”

“ಕದ್ದಿದ್ರ ಎಲ್ಲಿ ಇಡ್ತಿದ್ರಿ?”

“ಎಲ್ಲಿ ಅಂದರೆ? ಹೊರಗೆ ಬಿಸಾಡುತ್ತಿದ್ದೆ!”

“ಕಿಟಕಿ ತೆಗೆದು?”

ಸೀತಾಬಾಯಿ ಮಗನ ತೋಳು ಜಗ್ಗಿದಳು. “ಅವನದು ಬಾಯಿ ಮಾತ್ರ ಅಕ್ಕನವರೇ. ಹೆಣ ಅಂದರೆ ಸಣ್ಣವನಿದ್ದಾಗಿನಿಂದ ಹೆದರಿಕೆ ಇವನಿಗೆ. ನಾನಂತೂ ಈ ಕಿಟಕಿಯಿಂದ ಎದ್ದೇ ಇಲ್ಲ, ಮೊಣಕಾಲು ನೋವು, ಏಳಲಿಕ್ಕೆ ಬರುವುದಿಲ್ಲ.”

“ನಿಮ್ಮ ಸುಳ್ಳು ನಂಬಬೇಕಾ ನಾವು?” ಹಿಂದಿನ ಸಾಲಿನಿಂದ ಒಬ್ಬ ಎಗರಿದ. “ಅವನದೇ ಕೆಲಸ! ಅವನನ್ನು ಹಿಡಿದುಕೊಡಿ, ನಮ್ಮನ್ನು ಬಿಡಿ!”

ನನಗೂ ಹಾಗೇ ಅನಿಸಿತ್ತು. ನಿಜ ಹೇಳಬೇಕೆಂದರೆ, ಬಂಡುವೇ ಆಗಿರಲಿ ಎಂಬ ಆಸೆಯಿತ್ತು. ಅಂಥ ಗಂಟಲು ಅವನದು.

ಅಮೀನಪ್ಪ ಕಣ್ಣು ಒರೆಸಿಕೊಳ್ಳುತ್ತ ಸತ್ಯವ್ವನ ಪಕ್ಕ ನಿಂತಿದ್ದ. “ಯಕ್ಕಾ, ಅಳಬ್ಯಾಡ. ನೀ ಚಿಂಬಲ್ಲಿಗಿ ನಡಿ. ಇವರ್ನ ಎಲ್ಲಾರ್ನೂ ಇಳಸ್ಲಿ. ಸಂಜಿ ಅನ್ನೂದ್ರಾಗ ನಾ ಹುಡುಕಿ ತಂದಕೊಡ್ತೇನಿ. ಯಮನೂರನ ಆಣಿ.”

ಅಕ್ಕ ಅವನನ್ನೇ ನೋಡಿದಳು.

“ಸಂಜಿಗೆ ಸಿಗ್ತದಂತ ಅಷ್ಟು ಖಾತ್ರಿ ಹೆಂಗ?”

“ಹುಡುಕಿದ್ರ ಸಿಗ್ತತಿ ಅಲ್ಲೇನ್ರಿ?”

“ನೀವು ಶೌಚಕ್ಕ ಹೋಗಿದ್ರಿ. ಕಂಬಳಿ ಹೊತಗೊಂಡು.”

“ಹೌದ್ರಿ. ಚಳಿ ಬಂದಿತ್ತು.”

“ಈಗ ಕಂಬಳಿ ಎಲ್ಲಿ?”

“ಎಲ್ಲೋ ಬಿತ್ತು. ಯಾರಿಗೆ ಗೊತ್ತರಿ?”

ಅಕ್ಕ ನನ್ನ ಕಡೆ ತಿರುಗಿ, ಊಟದ ವಿಷಯ ಕೇಳಿದ ಹಾಗೆ ಕೇಳಿದಳು.

“ರಘು, ಇವರ ಚೀಲ ಹಿಡಕೊಂಡಿದ್ಯಲ್ಲ. ಭಾರ ಇತ್ತೇನು? ಶೀಶೆ ಬಾಟಲಿ ಸಪ್ಪಳಾ?”

“ಇಲ್ಲ. ಹಗುರ ಇತ್ತು. ಒಂದ ಡಬ್ಬಿ ಅದ ಅನಿಸ್ತು.”

“ಅಮೀನಪ್ಪ,” ಎಂದಳು ಅಕ್ಕ, “ಆ ಚೀಲ ಕೆಳಗ ಇಡ್ರಿ.”

“ಯಾಕ್ರಿ?”

“ಸುಮ್ಮನ ಇಡ್ರಿ. ಇಲ್ಲೇ, ನಿಮ್ಮ ಚಪ್ಪಲಿ ಹತ್ತರ.”

ಅವನು ಇಡಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡ. ಅಲ್ಲಿಯವರೆಗೆ ಕೂಗಾಡುತ್ತಿದ್ದ ಹಿಂದಿನ ಸಾಲುಗಳೂ ಕುತ್ತಿಗೆ ಉದ್ದ ಮಾಡಿ ನೋಡಿದವು.

“ಇಡ್ರಿ ಅಂದೆ. ಅತ್ತರ ಇರಲಿ, ಬಟ್ಟಿ ಇರಲಿ, ನೆಲಕ್ಕ ಇಟ್ರ ಏನಾಗ್ತದ?”

ಅಮೀನಪ್ಪನ ಕೈ ಸ್ವಲ್ಪ ಕೆಳಗಿಳಿಯಿತು. ಮೊಣಕಾಲಿನವರೆಗೆ ಬಂತು. ಅಲ್ಲಿಂದ ಮುಂದೆ ಇಳಿಯಲೇ ಇಲ್ಲ.

“ಆಗೂದಿಲ್ಲರಿ,” ಎಂದ.

“ಗೊತ್ತದ,” ಎಂದಳು ಅಕ್ಕ. “ಶ್ವೇತಾ, ಹಿಂದಿನ ಶೌಚಕ್ಕ ಯಾರನ್ನೂ ಬಿಡಬ್ಯಾಡ. ಪೊಲೀಸರು ಬಂದ ಕೂಡ್ಲೆ ಕಸದ ತೊಟ್ಟಿ ಬಿಚ್ಚಿಸು. ಗಂಟು ಅಲ್ಲೇ ಅದ, ಕಂಬಳಿಯೊಳಗ. ಕದ್ದಾಂವ ಇಂವ.”

ಅಮೀನಪ್ಪ ಮುಂದಿನ ಬಾಗಿಲಿನ ಕಡೆ ನೋಡಿದ. ಅಲ್ಲಿಯವರೆಗೆ ಜನವೇ ಜನ. ಹೋಗುವುದಾದರೂ ಎಲ್ಲಿಗೆ? ಸೀಟಿನ ತೋಳಿನ ಮೇಲೆ ಕುಸಿದು ಕೂತ. ಆಗಲೂ ಚೀಲ ಕೆಳಗಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಪೊಲೀಸರೂ ಕಸ್ಟಮ್ಸಿನವರೂ ಹತ್ತಿ ಬಂದರು. ಶೌಚದ ಕಸದ ತೊಟ್ಟಿಯಲ್ಲಿ ಕಾಗದದ ಕೆಳಗೆ ಕಂಬಳಿ, ಕಂಬಳಿಯೊಳಗೆ ಬಿಳಿ ಗಂಟು. ಕಸ್ಟಮ್ಸಿನವರು ಡಬ್ಬಿಯ ಮುಚ್ಚಳ ತೆಗೆದು ಬೆರಳಾಡಿಸಿದರು. ಮೇಲೆ ಬೂದಿ. ಬೂದಿಯ ಕೆಳಗೆ ಕರಿ ಟೇಪು ಸುತ್ತಿದ ಉಂಡೆಗಳು. ಒಂದರ ಟೇಪು ಸೀಳಿದಾಗ ಹಳದಿ ಬಣ್ಣ ಕಂಡಿತು.

“ಬಂಗಾರ,” ಎಂದರು ಅವರು.

ನಾನು ಅಕ್ಕನ ಕಿವಿಯಲ್ಲಿ, “ನಿನಗ ಹೆಂಗ ಗೊತ್ತಾತು?” ಎಂದೆ.

ಅಕ್ಕ ಕಿವಿಯಲ್ಲಿ ಹೇಳುವವಳಲ್ಲ. ಕೋರ್ಟಿನ ದನಿಯಲ್ಲಿ ಎಲ್ಲರಿಗೂ ಹೇಳಿದಳು.

“ನೀವೆಲ್ಲಾ ಗಂಟು ಯಾರಿಗೆ ಬ್ಯಾಡಾಗಿತ್ತು ಅಂತ ನೋಡಿದ್ರಿ. ಎಲ್ಲಾರಿಗೂ ಬ್ಯಾಡಾಗಿತ್ತು! ಆದರ ಹಾರೂ ವಿಮಾನದಾಗ ಅದನ್ನ ಕದ್ದು ಏನ ಮಾಡ್ತೀರಿ? ಎಲ್ಲೇ ಬಚ್ಚಿಟ್ರೂ ಅದು ವಿಮಾನದಾಗೇ ಉಳೀತದ. ಹೆಣದ ಹೆದರಿಕಿ ಇದ್ದಾಂವಗ ಕದಿಯೂದ್ರಿಂದ ಏನೂ ಸಿಗೂದಿಲ್ಲ. ಹಂಗಂದ್ರ ಗಂಟು ಇರೂದಕ್ಕ ಹೆದರಿದವರಲ್ಲ, ಅದನ್ನ ಬಿಚ್ಚತಾರ ಅನ್ನೂದಕ್ಕ ಹೆದರಿದವರು ಯಾರು? ಕಸ್ಟಮ್ಸ್ ಬಿಚ್ಚತಾರ ಅಂತ ಶ್ವೇತಾ ಹೇಳಿದ್ದು ಬೆಂಗಳೂರಾಗ. ಗಂಟು ಹೋದದ್ದು ಅದಾದ ಮ್ಯಾಲ.”

“ಆದರ ಇಂವನ ಅಂತ ಹೆಂಗ?” ಎಂದಳು ಶ್ವೇತಾ.

“ನಮ್ಮ ಕಡೆ ಅಸ್ಥಿ ನೆಲಕ್ಕ ಇಡೂದಿಲ್ಲ. ದಾರ್‍ಯಾಗ ನಿಲ್ಲೂದಾದ್ರ ಗಿಡಕ್ಕ ಕಟ್ಟತಾರ. ಸಂಡಾಸಕ್ಕ ಒಯ್ಯೂದಂತೂ ಇಲ್ಲೇ ಇಲ್ಲ. ಈ ಮನಶಾ ಹೈದರಾಬಾದಿನ್ಯಾಗ ಅಸ್ಥಿ ಗಂಟನ್ನ ಚಪ್ಪಲಿ ನಡುವ ನೆಲಕ್ಕ ಇಟ್ಟು ಬನ್ನು ತಿಂದ. ಸ್ವಂತ ಊರಾಂವ, ಒಂದ ಕೋಣ್ಯಾಗ ಇದ್ದಾಂವ! ಆವಾಗ ನಾ ಅಂದಕೊಂಡೆ, ಸಿಟ್ಟಿನ ಗದ್ದಲದಾಗ ಮರತಿರಬೇಕಂತ. ಆದರ ತನ್ನ ಕೈಚೀಲಾ ಒಂದ ಸಲಾನೂ ನೆಲಕ್ಕ ಹಚ್ಚಲಿಲ್ಲ. ಸಂಡಾಸಕ್ಕ ಹೋಗೂ ಮುಂದ ರಘೂನ ತೊಡಿ ಮ್ಯಾಲ ಇಟ್ಟು ಹೋದ. ಅಂದ್ರ ಏನಾತು? ಗಂಟಿನ್ಯಾಗ ಅಸ್ಥಿ ಇಲ್ಲ ಅನ್ನೂದು ಇವಗ ಗೊತ್ತಿತ್ತು. ಅಸ್ಥಿ ಎಲ್ಲಿ ಅದ ಅನ್ನೂದೂ ಗೊತ್ತಿತ್ತು.”

ನನ್ನ ತೊಡೆಯ ಮೇಲೆ ಏನಿತ್ತು ಎಂಬುದು ಆಗ ನನಗೆ ತಿಳಿಯಿತು.

“ವಿಧವಿ ಕೈಯಾಗಿನ ಅಸ್ಥಿ ಯಾರೂ ಬಿಚ್ಚೂದಿಲ್ಲ ಅಂತ ಲೆಕ್ಕಾ ಹಾಕಿದ. ಖರೇ ಅಸ್ಥಿ ತಾ ಇಟ್ಟಕೊಂಡ. ಹೊರಗ ಹೋದ ಮ್ಯಾಲ ಅದಲುಬದಲು ಮಾಡಿ, ಆಕಿಗೆ ಗೊತ್ತಿಲ್ಲಧಂಗ ಕೊಡೂದಿತ್ತು. ಅದಕ್ಕ ಸಂಜಿಗೆ ಹುಡುಕಿ ತರ್ತೇನಿ ಅಂದದ್ದು. ಬಿಚ್ಚತಾರ ಅಂತ ಗೊತ್ತಾದ ಮ್ಯಾಲ, ಜೈಲಿಗಿಂತ ಬಂಗಾರ ಹೋದ್ರೂ ಚಲೋ ಅಂತ ಕಸದಾಗ ಒಗದ. ಮಳಿ ಬರದಿದ್ರ, ವಿಮಾನ ತಿರುಗದಿದ್ರ, ಬಂಡು ಒದರದಿದ್ರ ಇಷ್ಟೊತ್ತಿಗೆ ಎಲ್ಲಾ ಸುಸೂತ್ರ ಆಗಿರ್ತಿತ್ತು.”

ಪೊಲೀಸ್ ಅಧಿಕಾರಿ ನೀಲಿ ಚೀಲಕ್ಕೆ ಕೈ ಚಾಚಿದರು. ಅದೂ ಠಾಣೆಗೆ ಬರಬೇಕು, ಪುರಾವೆ ಎಂದರು.

“ಇಲ್ಲೇ ತೆಗೆದು ನೋಡ್ರಿ, ಪಂಚನಾಮಿ ಮಾಡ್ರಿ, ಆಕಿ ಕೈಗೆ ಕೊಡ್ರಿ,” ಎಂದಳು ಅಕ್ಕ. “ಆ ಬಂಗಾರ ಬೇಕಾದಷ್ಟು ದಿನಾ ಇಟ್ಟಕೊಳ್ರಿ. ಇದನ್ನ ಕಪಾಟಿನ್ಯಾಗ ಇಡ್ತೀನಿ ಅಂದ್ರ ನಾ ಈ ವಿಮಾನ ಬಿಟ್ಟು ಇಳಿಯೂದಿಲ್ಲ.”

ಇಳಿಯುವುದಿಲ್ಲ ಎಂಬ ಮಾತು ಕೇಳಿ ಹಿಂದಿನ ಸಾಲುಗಳು ಮತ್ತೆ ಗೊಣಗಿದವು. ಅಧಿಕಾರಿ ಅತ್ತ ನೋಡಿದರು, ಇತ್ತ ನೋಡಿದರು. ಚೀಲ ತೆರೆದರು. ಒಳಗೆ ಹಾಲಿನಪುಡಿಯ ಡಬ್ಬಿ, ಡಬ್ಬಿಯಲ್ಲಿ ಬೂದಿ, ಬೂದಿಯಲ್ಲಿ ಎಲುಬಿನ ಚೂರುಗಳು. ಬೇರೇನೂ ಇರಲಿಲ್ಲ. ಬರೆದುಕೊಂಡು, ಡಬ್ಬಿಯನ್ನು ಸತ್ಯವ್ವನ ಕೈಗೆ ಕೊಟ್ಟರು.

ಅಮೀನಪ್ಪ ಅವಳ ಕಾಲಿನ ಹತ್ತಿರ ಕುಕ್ಕರಿಸಿದ. “ಯಕ್ಕಾ, ಯಮನೂರನ್ನ ನಾ ನೆಲಕ್ಕ ಹಚ್ಚಿಲ್ಲ. ಎಲ್ಲಾ ದಾರಿ ಎದಿಗೆ ಹಚ್ಚಿಕೊಂಡ ಬಂದೇನಿ. ಅಷ್ಟರೆ ನಂಬು.”

ಅವಳು ಹೊಡೆಯಬಹುದು, ಉಗುಳಬಹುದು ಎಂದು ಎಲ್ಲರೂ ಕಾದರು. ಸತ್ಯವ್ವ ಡಬ್ಬಿಯನ್ನೇ ನೋಡುತ್ತಿದ್ದಳು.

“ನಂಬತೇನಿ,” ಎಂದಳು. “ಅಂವ ನಿನ್ನ ಹತ್ರ ಇದ್ದ. ನನ್ನ ಕೈಯಾಗ ಒಲಿ ಬೂದಿ ಕೊಟ್ಟಿದ್ದಿ. ನೀವೆಲ್ಲಾ ನನ್ನ ಬೈಯೂ ಮುಂದ, ನಾ ಮ್ಯಾಲ ನೋಡಿ ಮನಸಿನ್ಯಾಗ ಆ ಗಂಟಿಗೆ ಹೇಳಾಕತ್ತಿದ್ದೆ. ನೋಡು, ನಿನ್ನ ಸಲುವಾಗಿ ಎಷ್ಟು ಅನಿಸ್ಕೊಳ್ಳಾಕತ್ತೇನಿ, ನಿಮ್ಮವ್ವಗ ನೀನ ತಿಳಿಸಿ ಹೇಳು ಅಂತ. ಎಲ್ಲಾ ಹೇಳಿ ಮುಗಿಸಿದ್ದೆ. ಅಂವ ಒಂದೂ ಕೇಳೇ ಇಲ್ಲಲೋ.”

ಪೊಲೀಸರು ಅಮೀನಪ್ಪನನ್ನು ಎಬ್ಬಿಸಿಕೊಂಡು ಹೋದರು.

ಬಾಗಿಲು ತೆರೆಯಿತು. ಅಷ್ಟು ಹೊತ್ತು ಇಳಿಸಿ ಇಳಿಸಿ ಎಂದು ಬೊಬ್ಬೆ ಹೊಡೆದ ಜನ ಎದ್ದು ನಿಂತರು, ಆದರೆ ದಾರಿಗೆ ಬರಲಿಲ್ಲ. ಬಂಡು ಕಾಲು ಒಳಗೆ ಎಳೆದುಕೊಂಡ. ಸತ್ಯವ್ವ ಡಬ್ಬಿಯನ್ನು ಸೆರಗಿನೊಳಗೆ ಎದೆಗೆ ಕಟ್ಟಿಕೊಂಡಳು. ಚಪ್ಪಲಿ ಅಲ್ಲೇ ಬಿಟ್ಟಳು. ಎಲ್ಲರಿಗಿಂತ ಮೊದಲು, ಬರಿಗಾಲಲ್ಲಿ, ಸೀಟುಗಳ ನಡುವೆ ನಡೆದು ಹೋದಳು. ಅವಳ ತುಟಿ ಅಲ್ಲಾಡುತ್ತಿತ್ತು. ಯಮನೂರನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಲು ಶುರುಮಾಡಿದ್ದಳು.